ಮನ್ವೇಲನ ಲೆಕ್ಕದ ಪುಸ್ತಕ

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಮಕ್ಕಳಿಗೆ ಓದಿಸುವ ಕನ್ನಡ ಮೇಷ್ಟ್ರುಗಳು, ಮೇಡಮ್ಮುಗಳು ಎಲ್ಲಿ ಸಿಕ್ಕಿದರೂ ನಾನು ಒಂದು ಚಟುವಟಿಕೆಯನ್ನು ಹೇಳದೆ ಬಿಡುವುದಿಲ್ಲ. ಕಾಫಿ ತೋಟದ ಕಡೆಯಿಂದ ಸಾಲ ವಸೂಲಿಗೆ ಬರುವ ಮನ್ವೇಲನಿದ್ದಾನಲ್ಲ, ಅವನ ಲೆಕ್ಕದ ಪುಸ್ತಕದಲ್ಲಿ ದಲಿತ ಜೀತದಾಳು ಚೋಮನ ಖಾತೆಯ ಪುಟ ಹೇಗಿದ್ದೀತು ಎಂದು ಬರೆಸಿ. ತಾರೀಕು, ವಿವರ, ಕೊಟ್ಟದ್ದು, ಬಂದದ್ದು, ಬಾಕಿ ಎಂದು ಕಾಲಂ ಎಳೆಯಲಿ. ಎಡಗಡೆಯ ಪುಟ ಮನ್ವೇಲನದು. ಬಲಗಡೆಯ ಪುಟದಲ್ಲಿ ಅದೇ ಸಾಲವನ್ನು ಚೋಮ ಬಾಯಿಮಾತಿನಲ್ಲಿ ಹೇಗೆ ಹೇಳಿಯಾನು, ಅದನ್ನು ಬರೆಯಲಿ. ಓದುಬರಹ ಬಾರದ ಚೋಮನ ಲೆಕ್ಕಕ್ಕೆ ತಾರೀಕಿಲ್ಲ. ಮಳೆ ಹಿಡಿದದ್ದು, ಎತ್ತು ಮನೆಗೆ ಬಂದದ್ದು, ಮಕ್ಕಳು ಗಟ್ಟ ಹತ್ತಿದ್ದು, ಒಬ್ಬ ಹಿಂದಿರುಗದೆ ಹೋದದ್ದು, ಇವೇ ಅವನ ತಾರೀಕುಗಳು.

ಆ ಪುಟ ತುಂಬಿಸಬೇಕಾದರೆ ಮಗು ಕಾದಂಬರಿಯನ್ನು ಹಿಂದಕ್ಕೂ ಮುಂದಕ್ಕೂ ತಿರುವಿ ಹಾಕಲೇಬೇಕು. ಸಾಲ ಯಾವಾಗಿನದು? ತೀರಿಸಲು ದುಡಿಯಹೋದವರು ಯಾರು ಯಾರು? ಮಗ ಚನಿಯ ಜ್ವರ ಹೊತ್ತು ಬಂದು ತೀರಿಕೊಂಡ ಮೇಲೆ ಅವನು ಮಾಡಿದ ಕೂಲಿ ಯಾರ ಲೆಕ್ಕಕ್ಕೆ ಜಮೆಯಾಯಿತು? ಇನ್ನೊಬ್ಬ ಮಗ ಗುರುವ ಕ್ರೈಸ್ತರ ಹುಡುಗಿಯನ್ನು ಮೆಚ್ಚಿ ಅಲ್ಲೇ ಉಳಿದ ಮೇಲೆ ಅಪ್ಪನ ಬಾಕಿಗೂ ಅವನಿಗೂ ಸಂಬಂಧ ಉಳಿಯಿತೇ? ಪರೀಕ್ಷೆಯ ಪ್ರಶ್ನೆಪತ್ರಿಕೆ ಇವುಗಳಲ್ಲಿ ಒಂದನ್ನೂ ಕೇಳುವುದಿಲ್ಲ. ಕಾಲಂ ಎಳೆದ ಖಾಲಿ ಹಾಳೆ ಕೇಳುತ್ತದೆ.

ಒಂದು ಪ್ರೌಢಶಾಲೆಯಲ್ಲಿ ಮಕ್ಕಳು ಹೀಗೆ ಬರೆದ ಹಾಳೆಗಳನ್ನು ನೋಡುತ್ತಾ ಕೂತಿದ್ದೆ. ಹೆಚ್ಚಿನವರು ರೂಪಾಯಿ ಆಣೆ ಹಾಕಿ ಅಚ್ಚುಕಟ್ಟಾಗಿ ಬರೆದಿದ್ದರು. ಒಬ್ಬ ಹುಡುಗಿಯ ಹಾಳೆಯಲ್ಲಿ, ಚೋಮನ ಮಗಳು ಬೆಳ್ಳಿ ತೋಟಕ್ಕೆ ಹೋದ ನಂತರದ ಸಾಲಿನಲ್ಲಿ, ‘ಬಾಕಿ’ ಎಂಬಲ್ಲಿ ‘ಚುಕ್ತಾ’ ಎಂದಿತ್ತು. ಅದರ ಪಕ್ಕದ ‘ಬಂದದ್ದು’ ಕಾಲಂ ಖಾಲಿ. ಮರೆತಿದ್ದಾಳೆ ಅಂದುಕೊಂಡು, “ಇಲ್ಲಿ ಏನೂ ಬರೆದಿಲ್ಲವಲ್ಲಮ್ಮ?” ಎಂದೆ. “ಅದನ್ನ ಮನ್ವೇಲ ಬರೆಯಲ್ಲ ಸರ್” ಎಂದಳು. ಬೆಳ್ಳಿಗೆ ತೋಟದಲ್ಲಿ ಏನಾಯಿತು, ಸಾಲ ಹೇಗೆ ತೀರಿತು ಎಂಬುದನ್ನು ಹತ್ತನೇ ತರಗತಿಯ ಮಗುವಿಗೆ ಬಿಡಿಸಿ ಹೇಳುವುದು ಯಾವ ಮೇಷ್ಟ್ರಿಗೂ ಕಷ್ಟ. ಅವಳು ಓದಿ ತಿಳಿದಿದ್ದಳು, ತಿಳಿದದ್ದನ್ನು ತಕ್ಕ ಜಾಗದಲ್ಲಿ ಇಟ್ಟಿದ್ದಳು. ಕಾದಂಬರಿಯ ಮೇಲೆ ಮಕ್ಕಳು ಮಾಡಿದ ಕೆಲಸಗಳಲ್ಲಿ ನಾನು ಇದಕ್ಕಿಂತ ದೊಡ್ಡದನ್ನು ಕಂಡಿಲ್ಲ.

ನಮ್ಮ ಶಾಲೆಗಳಲ್ಲಿ ‘ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ನಡೆಯುವುದು ಎಲ್ಲರಿಗೂ ಗೊತ್ತು. ಚಾರ್ಟಿನ ನಡುವೆ ಲೇಖಕರ ಫೋಟೊ, ಸುತ್ತ ಸ್ಕೆಚ್ ಪೆನ್ನಿನ ಬಳ್ಳಿ, ಕೆಳಗೆ ಹುಟ್ಟಿದ ಊರು ಮತ್ತು ಪ್ರಶಸ್ತಿಗಳ ಪಟ್ಟಿ. ಸ್ವಲ್ಪ ಅನುಕೂಲಸ್ಥರ ಮನೆಯ ಮಗುವಾದರೆ ಥರ್ಮಾಕೋಲಿನ ಗುಡಿಸಲು, ಅದಕ್ಕೆ ಪೊರಕೆ ಕಡ್ಡಿಯ ಮಾಡು. ಮಕ್ಕಳ ಶ್ರಮವನ್ನು ನಾನು ಹಗುರವಾಗಿ ಕಾಣುವುದಿಲ್ಲ, ರಾತ್ರಿ ಹತ್ತರವರೆಗೆ ಕೂತು ಅಂಟಿಸಿರುತ್ತಾರೆ. ನನ್ನ ತಕರಾರು ಒಂದೇ: ಇಷ್ಟೆಲ್ಲ ಮಾಡಲು ಪುಸ್ತಕವನ್ನು ತೆರೆಯುವ ಅಗತ್ಯವೇ ಬೀಳಲಿಲ್ಲ. ಆದ್ದರಿಂದ ಚಟುವಟಿಕೆ ಕೊಡುವ ಮುನ್ನ ಮೇಷ್ಟ್ರು ತಮ್ಮನ್ನೇ ಕೇಳಿಕೊಳ್ಳಬೇಕು: ಇದನ್ನು ಓದದೆ ಮಾಡಲು ಬರುತ್ತದೆಯೇ? ಬರುತ್ತದೆ ಎಂದಾದರೆ ಅದನ್ನು ಕೈಬಿಡಬೇಕು. ಇದರ ಜೊತೆಗೆ ಒಂದು ಕಟ್ಟಳೆ: ಚಿತ್ರವಿರಲಿ, ನಕ್ಷೆಯಿರಲಿ, ಪತ್ರವಿರಲಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಪುಟದ ಸಂಖ್ಯೆ ಬೀಳಬೇಕು. ಪುಸ್ತಕದಲ್ಲಿ ಇರುವುದಕ್ಕೆ ಗಟ್ಟಿ ಗೆರೆ, ತಾನು ಊಹಿಸಿದ್ದಕ್ಕೆ ಚುಕ್ಕೆ ಗೆರೆ.

ಓದಿ ಚಿತ್ರ ಬರೆಯುವುದಕ್ಕೆ ದೊಡ್ಡ ಮಾದರಿ ಕಾದಂಬರಿಕಾರ ವ್ಲಾದಿಮಿರ್ ನಬೊಕೊವ್. ಅವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1948ರಿಂದ ಸುಮಾರು ಹತ್ತು ವರ್ಷ ಸಾಹಿತ್ಯ ಪಾಠ ಮಾಡಿದವರು. ಅವರ ಪಾಠದ ಟಿಪ್ಪಣಿಗಳ ತುಂಬ ಚಿತ್ರಗಳಿವೆ: ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ಗೆ ಡಬ್ಲಿನ್ ನಗರದ ನಕ್ಷೆ, ‘ಅನ್ನಾ ಕರೆನಿನಾ’ ಪಾಠಕ್ಕೆ ರೈಲು ಬೋಗಿಯ ಒಳಗಿನ ವಿನ್ಯಾಸ, ಕಾಫ್ಕಾನ ‘ಮೆಟಮಾರ್ಫಸಿಸ್’ಗೆ ಗ್ರೆಗರ್ ಸಾಮ್ಸಾನ ಮನೆಯ ನೆಲನಕ್ಷೆ ಮತ್ತು ಅವನು ಮಾರ್ಪಟ್ಟ ಹುಳುವಿನ ಚಿತ್ರ. ನಬೊಕೊವ್ ಚಿಟ್ಟೆಗಳ ಅಧ್ಯಯನದಲ್ಲಿ ಪಳಗಿದ ವಿಜ್ಞಾನಿಯೂ ಹೌದು. ಹಾಗಾಗಿ ಅದು ಜಿರಲೆಯಲ್ಲ, ಉಬ್ಬು ಬೆನ್ನಿನ ಜೀರುಂಡೆಯ ಜಾತಿ ಎಂದು ಕಥೆಯೊಳಗಿನ ವಿವರಗಳಿಂದಲೇ ವಾದಿಸಿದರು. ಬಾಗಿಲು ಯಾವ ಕಡೆ ತೆರೆಯುತ್ತದೆ, ಮಂಚ ಎಲ್ಲಿದೆ ಎಂದು ಗೊತ್ತಿಲ್ಲದವನಿಗೆ ಆ ಕಥೆಯ ಸಂಕಟ ಹೇಗೆ ತಾನೆ ತಿಳಿದೀತು?

ಕಾಫ್ಕಾನ ಮನಸ್ಸು ಬೇರೆಯಿತ್ತು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. 1915ರಲ್ಲಿ ಕಥೆ ಪುಸ್ತಕವಾಗಿ ಬರುವಾಗ, ಮುಖಪುಟದಲ್ಲಿ ಹುಳುವನ್ನು ಮಾತ್ರ ಬರೆಯಿಸಬೇಡಿ, ದೂರದಿಂದ ಕಾಣುವಂತೆಯೂ ಬೇಡ ಎಂದು ಅವನು ಪ್ರಕಾಶಕರಿಗೆ ಪತ್ರ ಬರೆದ. ಕೊನೆಗೆ ಬಂದ ಮುಖಪುಟದಲ್ಲಿ, ತೆರೆದ ಬಾಗಿಲಿಗೆ ಬೆನ್ನು ಹಾಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ ಒಬ್ಬ ಮನುಷ್ಯನಿದ್ದಾನೆ. ಏನನ್ನು ಬರೆಯಬಾರದು ಎಂದು ತೀರ್ಮಾನಿಸುವುದೂ ಚಿತ್ರಕಾರನ ಕೆಲಸ. ಆ ಹುಡುಗಿ ಖಾಲಿ ಬಿಟ್ಟ ಕಾಲಮನ್ನು ನಾನು ಇದೇ ಸಾಲಿನಲ್ಲಿ ಇಡುತ್ತೇನೆ.

‘ಚೋಮನ ದುಡಿ’ಯ ವಿಷಯದಲ್ಲಿ ಬರೆಯಬಾರದ್ದು, ಮಾಡಬಾರದ್ದು ಇನ್ನೂ ಇದೆ. ಮುಖಕ್ಕೆ ಮಸಿ ಬಳಿದು, ಹರಕು ಬಟ್ಟೆ ಉಡಿಸಿ, ಮಕ್ಕಳನ್ನು ಚೋಮನ ಛದ್ಮವೇಷದಲ್ಲಿ ವೇದಿಕೆ ಹತ್ತಿಸುವುದನ್ನು ದಯವಿಟ್ಟು ನಿಲ್ಲಿಸಬೇಕು. ತರಗತಿಯಲ್ಲಿ ದಲಿತ ಮಗುವನ್ನೇ ಆರಿಸಿ ಚೋಮನ ಪಾತ್ರ ಕೊಡುವುದಂತೂ ಕ್ರೌರ್ಯ. 1933ರಲ್ಲಿ ಈ ಕಾದಂಬರಿ ಬಂದಾಗ ಅದು ಯಾರ ಮುಂದೆ ಕನ್ನಡಿ ಹಿಡಿಯಿತೋ, ಚಟುವಟಿಕೆಯೂ ಅವರ ಮುಂದೆಯೇ ಹಿಡಿಯಲಿ. ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದರು, ಯಾರೂ ಮುಟ್ಟಿ ಎತ್ತಲಿಲ್ಲ. ಅವರಲ್ಲಿ ಒಬ್ಬರು ಆ ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಏನು ಹೇಳಿದರು? ಅದನ್ನು ಒಂದು ಪುಟ ಬರೆಯಲಿ. ಚೋಮನಿಗೆ ಗದ್ದೆ ಕೊಡುವ ಮನಸ್ಸು ಬಂದ ಒಡೆಯ ಸಂಕಪ್ಪಯ್ಯನವರೂ, ಬೇಡವೆಂದ ಅವರ ತಾಯಿಯೂ ಮಾತಾಡಿಕೊಂಡದ್ದನ್ನು ಒಂದು ಪುಟ್ಟ ದೃಶ್ಯವಾಗಿ ಬರೆಯಲಿ. ಆ ತಾಯಿಯ ಬಾಯಲ್ಲಿ ಕೇಡಿಗಳ ಮಾತು ಇಡಬೇಡಿ ಎಂದು ಮೊದಲೇ ಎಚ್ಚರಿಸಬೇಕು. ಆಕೆ ತನ್ನ ಪಾಲಿಗೆ ಧರ್ಮದ ಮಾತನ್ನೇ ಆಡುತ್ತಿದ್ದಾಳೆ. ಆಕೆಯ ಮಾತು ಎಷ್ಟು ಮೃದುವಾಗಿದ್ದರೆ ಓದುವವರಿಗೆ ಅಷ್ಟು ಚುಚ್ಚುತ್ತದೆ.

ಚಿತ್ರ ಬಾರದ ಮಕ್ಕಳಿಗೆ ದುಡಿಯೇ ಇದೆ. ಕಾದಂಬರಿಯಲ್ಲಿ ಚೋಮ ದುಡಿ ಬಡಿಯುವ ಜಾಗಗಳನ್ನೆಲ್ಲ ಗುರುತು ಹಾಕಿಕೊಂಡು, ಆಗ ಅವನ ಮನಸ್ಸಿನಲ್ಲಿ ಏನಿತ್ತು ಎಂದು ಒಂದೊಂದು ಸಾಲು ಬರೆದು, ಒಂದೊಂದಕ್ಕೂ ಒಂದು ಬಡಿತ ಕಟ್ಟಲಿ. ಬೆಂಚೇ ಸಾಕು, ವಾದ್ಯ ಬೇಡ. ಸಂತೋಷದ ಬಡಿತ ಬೇಗಬೇಗ, ದುಃಖದ್ದು ನಿಧಾನ ಎಂದು ಶುರು ಮಾಡುತ್ತಾರೆ. ಕೊನೆಯ ಪುಟಕ್ಕೆ ಬಂದಾಗ ಆ ಸರಳ ಲೆಕ್ಕ ಕೈಕೊಡುತ್ತದೆ, ಆಗ ತಮ್ಮತಮ್ಮಲ್ಲೇ ಜಗಳಕ್ಕೆ ಬೀಳುತ್ತಾರೆ. ಆ ಜಗಳದ ನಡುವೆ ಮೇಷ್ಟ್ರು ಬಾಯಿ ಹಾಕಬಾರದು.

ಬಿ.ವಿ. ಕಾರಂತರು 1975ರಲ್ಲಿ ಮಾಡಿದ ಸಿನಿಮಾ ತೋರಿಸುವುದಾದರೆ ಎಲ್ಲ ಮುಗಿದ ಮೇಲೆ ತೋರಿಸಿ. ಅದು ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆದ ಚಿತ್ರ, ಎಂ.ವಿ. ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ತಂದ ಚಿತ್ರ. ಅವರ ಚೋಮ ಎಷ್ಟು ಬಲವಾಗಿದ್ದಾನೆಂದರೆ ಒಮ್ಮೆ ನೋಡಿದ ಮೇಲೆ ಮಕ್ಕಳ ಕೈಯಿಂದ ಇನ್ನೊಂದು ಮುಖ ಮೂಡುವುದಿಲ್ಲ. ಮೊದಲು ತಮ್ಮ ಚೋಮನನ್ನು ಬರೆದಿಟ್ಟುಕೊಂಡವರು ಆಮೇಲೆ ಸಿನಿಮಾದೊಡನೆ ವಾದ ಮಾಡಬಲ್ಲರು.

ಚಿತ್ರಕ್ಕೆ ಹೇಳಿ ಮಾಡಿಸಿದ ಇನ್ನೊಂದು ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಹಾರುವ ಓತಿಯನ್ನು ಬರೆಯಿರಿ ಎಂದರೆ ಅರ್ಧ ತರಗತಿ ಕಾರ್ಟೂನಿನ ಡ್ರ್ಯಾಗನ್ ಬರೆಯುತ್ತದೆ, ಭುಜದಿಂದ ಬಾವಲಿಯ ರೆಕ್ಕೆ ಎದ್ದಿರುತ್ತದೆ. ಬೈಯಬೇಡಿ, ಪುಟದ ಸಂಖ್ಯೆ ಕೇಳಿ. ಸಿಕ್ಕದಿದ್ದಾಗ ಮತ್ತೆ ಓದುತ್ತಾರೆ, ತಿದ್ದುತ್ತಾರೆ. ಆಮೇಲೆ ನಿಜವಾದ ಓತಿಯ ಫೋಟೊ ತೋರಿಸಿ. ನಮ್ಮ ಪಶ್ಚಿಮ ಘಟ್ಟದ ಈ ಪ್ರಾಣಿಗೆ ವಿಜ್ಞಾನಿಗಳು ಇಟ್ಟ ಹೆಸರು ಡ್ರಾಕೊ ಡಸ್ಸುಮಿಯರಿ. ಅದಕ್ಕೆ ಇರುವುದು ರೆಕ್ಕೆಯಲ್ಲ. ಪಕ್ಕೆಲುಬುಗಳೇ ಉದ್ದವಾಗಿ ಬೆಳೆದು ಅವುಗಳ ಮೇಲೆ ಚರ್ಮ ಹಾಸಿಕೊಂಡಿರುತ್ತದೆ. ಅದನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ, ಮುಚ್ಚಿದರೆ ತೊಗಟೆಯಲ್ಲಿ ತೊಗಟೆ. ಗಂಡಿನ ಗಂಟಲ ಕೆಳಗೆ ಹಳದಿ ಚರ್ಮದ ಬಾವುಟವಿದೆ. ಅಡಿಕೆ ತೋಟದಲ್ಲೂ ಇರುತ್ತದೆ, ಇರುವೆ ತಿಂದು ಬದುಕುತ್ತದೆ. ಮಲೆನಾಡಿನ ಶಾಲೆಯಾದರೆ ಯಾವುದಾದರೊಂದು ಮಗು “ಇದು ನಮ್ಮ ತೋಟದಲ್ಲೂ ಉಂಟು ಸಾರ್” ಎನ್ನುವ ಸಂಭವವಿದೆ. ಹಾಗೆಂದ ಮಗು ಆ ಹೊತ್ತಿಗೆ ಕಾದಂಬರಿಯ ಹಳ್ಳಿಗ ಮಂದಣ್ಣನೇ. ಕಣ್ಣಿದ್ದವನು ಅವನು, ಪದವಿಯಿದ್ದವರು ವಿಜ್ಞಾನಿ ಕರ್ವಾಲೊ. ಕಾದಂಬರಿ ನಿಂತಿರುವುದು ಆ ಇಬ್ಬರ ಗೆಳೆತನದ ಮೇಲೆ. ಕೊನೆಯಲ್ಲಿ ಓತಿ ಕೈಗೆ ಸಿಗದೆ ಕಣಿವೆಗೆ ತೇಲಿ ಹೋಗುತ್ತದೆಯಲ್ಲ, ಅದು ಸಿಕ್ಕಿದ್ದರೆ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯ ಮೇಲೆ ಯಾವ ಲೇಬಲ್ ಇರುತ್ತಿತ್ತು, ಕಂಡುಹಿಡಿದವರು ಎಂಬಲ್ಲಿ ಯಾರ ಹೆಸರು ಇರುತ್ತಿತ್ತು? ಇದನ್ನು ಬರೆಯಲು ಒಂದು ಪೋಸ್ಟ್ ಕಾರ್ಡಿನಷ್ಟು ಜಾಗ ಸಾಕು. ಜಾಗ ಕಡಿಮೆ ಕೊಟ್ಟಷ್ಟೂ ಮಕ್ಕಳು ಹೆಚ್ಚು ಯೋಚಿಸುತ್ತಾರೆ.

‘ಮಲೆಗಳಲ್ಲಿ ಮದುಮಗಳು’ ಶಾಲೆಗೆ ದೊಡ್ಡದಾಯಿತು, ಡಿಗ್ರಿ ಮಕ್ಕಳಿಗೆ ಸರಿ. ಅದಕ್ಕೆ ನಕ್ಷೆಯೇ ಆಗಬೇಕು. ಗುತ್ತಿ ತನ್ನ ನಾಯಿ ಹುಲಿಯನೊಡನೆ ನಡೆದ ದಾರಿಯನ್ನು, ಮನೆಗಳನ್ನು, ತುಂಗೆಯನ್ನು ಗೋಡೆಯಗಲದ ಕಾಗದದ ಮೇಲೆ ತಂದರೆ ಕುವೆಂಪು ಅವರ ಕಾಡಿನಲ್ಲಿ ದಾರಿ ತಪ್ಪುವುದಿಲ್ಲ. 2010ರಲ್ಲಿ ಸಿ. ಬಸವಲಿಂಗಯ್ಯನವರು ಮೈಸೂರಿನ ರಂಗಾಯಣದಲ್ಲಿ ಅದನ್ನು ಅಹೋರಾತ್ರಿ ನಾಟಕವಾಗಿ ಆಡಿಸಿದಾಗ ಪ್ರೇಕ್ಷಕರೇ ಎದ್ದು ಒಂದು ರಂಗದಿಂದ ಇನ್ನೊಂದಕ್ಕೆ ನಡೆಯಬೇಕಿತ್ತು. ಆ ಕಾದಂಬರಿಯನ್ನು ಕೂತಲ್ಲೇ ಕೂತು ಅರಿಯಲಾಗದು ಎಂಬುದನ್ನು ಬಸವಲಿಂಗಯ್ಯನವರು ಚೆನ್ನಾಗಿ ಬಲ್ಲವರು.

ಅಂಕದ ಮಾತು. ಆಂತರಿಕ ಅಂಕ ಕೊಡಲೇಬೇಕಾಗಿರುವುದರಿಂದ ಮೇಷ್ಟ್ರುಗಳು ಬಣ್ಣ ನೋಡಿ ಕೊಟ್ಟುಬಿಡುತ್ತಾರೆ, ಆಗ ಅಂಗಡಿಯಲ್ಲಿ ಹೆಚ್ಚು ಖರ್ಚು ಮಾಡಿದ ಮನೆಯ ಮಗು ಗೆಲ್ಲುತ್ತದೆ. ಹಾಳೆಯ ಮೇಲಿನ ಯಾವುದಾದರೂ ಒಂದು ಗೆರೆಗೆ ಬೆರಳಿಟ್ಟು “ಇದು ಎಲ್ಲಿದೆ?” ಎಂದು ಕೇಳಿ, ಮಗು ಪುಸ್ತಕ ತೆಗೆದು ತೋರಿಸಿದರೆ ಅಂಕ ಕೊಡಿ. ಶಾಲೆಯಲ್ಲಿ ಇರುವುದು ಪುಸ್ತಕದ ಒಂದೇ ಪ್ರತಿ ಎಂದು ಎಷ್ಟೋ ಜನ ಹೇಳುತ್ತಾರೆ, ಅದು ನಿಜವೂ ಹೌದು. ‘ಚೋಮನ ದುಡಿ’ ಸಣ್ಣ ಪುಸ್ತಕ, ದಿನಕ್ಕೊಂದು ಪೀರಿಯಡ್ ಗಟ್ಟಿಯಾಗಿ ಓದಿದರೆ ಎರಡು ವಾರದಲ್ಲಿ ಮುಗಿಯುತ್ತದೆ. ಚಾರ್ಟು, ಬಣ್ಣ ಕೊಳ್ಳಿ ಎಂದು ಮಕ್ಕಳಿಗೆ ಆಮೇಲೆ ಹೇಳಿ.