ಸತ್ಯಜಿತ್ ರೇ ಮೆಚ್ಚಿದ ಸೈಕಲ್

ಯಾರಾದರೂ ನಿರ್ದೇಶಕರ ಮೆಚ್ಚಿನ ಹತ್ತು ಸಿನಿಮಾಗಳ ಪಟ್ಟಿ ಸಿಕ್ಕರೆ, ಅದರಲ್ಲಿ ಎಷ್ಟು ನೋಡಿದ್ದೇವೆ ಎಂದು ಎಣಿಸುತ್ತೇವೆ, ಅಲ್ಲಿಗೆ ಮುಗಿಯಿತು. ಆ ಮೆಚ್ಚುಗೆ ಅವರ ಸ್ವಂತ ಕೆಲಸದಲ್ಲಿ ಏನಾಯಿತು ಎಂದು ಹುಡುಕುವುದು ನನಗೆ ಹೆಚ್ಚು ಇಷ್ಟ. ಅದಕ್ಕೆ ಸತ್ಯಜಿತ್ ರೇ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

1950ರಲ್ಲಿ ರೇ ಕಲ್ಕತ್ತೆಯ ಜಾಹೀರಾತು ಕಂಪನಿಯೊಂದರಲ್ಲಿ ಕಲಾವಿದರು. ಕಚೇರಿಯ ಕೆಲಸದ ಮೇಲೆ ಲಂಡನ್ನಿಗೆ ಹೋದವರು ಕೆಲವೇ ತಿಂಗಳಲ್ಲಿ ಸುಮಾರು ನೂರು ಸಿನಿಮಾ ನೋಡಿದರು. ಅವರನ್ನು ಅಲುಗಾಡಿಸಿದ್ದು ವಿಟ್ಟೋರಿಯೊ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ (1948).

ಯುದ್ಧ ಮುಗಿದ ರೋಮ್ ನಗರ. ಆಂಟೋನಿಯೊಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ, ಸೈಕಲ್ ಇದ್ದರೆ ಮಾತ್ರ. ಅಡವಿಟ್ಟ ಸೈಕಲ್ ಬಿಡಿಸಲು ಹೆಂಡತಿ ಮಾರಿಯಾ ಮಂಚದ ಹಾಸುಗಳನ್ನೇ ಅಡವಿಡುತ್ತಾಳೆ. ಆ ಗಂಟು ಹಿಡಿದು ಅಂಗಡಿಯಾಳು ಮೇಲಕ್ಕೆ ಹತ್ತುತ್ತಾನೆ. ಕಪಾಟಿನ ತುದಿಯವರೆಗೂ ಅಂಥವೇ ಗಂಟುಗಳು. ಒಂದೂ ಮಾತಿಲ್ಲದೆ ಇಡೀ ಊರಿನ ಬಡತನ ಕಾಣುತ್ತದೆ. ಕೆಲಸದ ಮೊದಲ ದಿನವೇ ಸೈಕಲ್ ಕಳುವಾಗುತ್ತದೆ. ಸ್ವಂತ ಬೈಕನ್ನೇ ನಂಬಿ ದುಡಿಯುವ ಡೆಲಿವರಿ ಹುಡುಗರನ್ನು ದಿನವೂ ಬಾಗಿಲಲ್ಲಿ ಕಾಣುವ ನಮಗೆ ಇದು ಹಳೆಯ ಕತೆ ಅನ್ನಿಸುವುದಿಲ್ಲ.

ಇದರಿಂದ ರೇ ಅವರಿಗೆ ಸಿಕ್ಕಿದ್ದು ಧೈರ್ಯ. ಆಂಟೋನಿಯೊ ಆಗಿ ನಟಿಸಿದ ಲ್ಯಾಂಬರ್ಟೊ ಮಜ್ಜೊರಾನಿ ಕಾರ್ಖಾನೆಯ ಕಾರ್ಮಿಕ. ಚಿತ್ರೀಕರಣ ನಡೆದದ್ದು ನಿಜವಾದ ಬೀದಿಗಳಲ್ಲಿ. ರೇ ಕೂಡ ‘ಪಥೇರ್ ಪಾಂಚಾಲಿ’ಯನ್ನು (1955) ಕಲ್ಕತ್ತೆಯ ಹತ್ತಿರದ ಬೋರಾಲ್ ಹಳ್ಳಿಗೆ ಒಯ್ದರು. ಛಾಯಾಗ್ರಾಹಕ ಸುಬ್ರತ ಮಿತ್ರ ಅದುವರೆಗೆ ಸಿನಿಮಾ ಕ್ಯಾಮೆರಾ ಮುಟ್ಟಿದವರೇ ಅಲ್ಲ. ದುಡ್ಡು ಸಾಲದೆ ಪತ್ನಿ ವಿಜಯಾ ಅವರ ಒಡವೆಗಳೂ ಅಡವಿಗೆ ಹೋದವು.

ಎರಡನ್ನೂ ಬೆನ್ನುಬೆನ್ನಿಗೆ ನೋಡಿದರೆ ನಡಿಗೆಯ ವ್ಯತ್ಯಾಸ ಮೊದಲು ಕಾಣುತ್ತದೆ. ಡಿ ಸಿಕಾ ಅವರಿಗೆ ಅವಸರ: ಸೈಕಲ್ ಇವತ್ತೇ ಸಿಗಬೇಕು. ರೇ ನಿಧಾನಸ್ಥರು. ಮಿಠಾಯಿ ಮಾರುವವನ ಹಿಂದೆ ಮಕ್ಕಳು, ಮಕ್ಕಳ ಹಿಂದೆ ನಾಯಿ, ಕೊಳದಲ್ಲಿ ಅವರೆಲ್ಲರ ಪ್ರತಿಬಿಂಬ. ಕತೆ ಅಲ್ಲಿ ನಿಂತು ನೋಡುತ್ತದೆ.

ಆದರೆ ಎರಡರ ಕೊನೆಯಲ್ಲೂ ಒಂದು ಕಳ್ಳತನವಿದೆ, ಅದನ್ನು ಬಲ್ಲ ಮಗುವಿದೆ. ಗತಿಯಿಲ್ಲದೆ ತಾನೇ ಸೈಕಲ್ ಕದ್ದು ಸಿಕ್ಕಿಬಿದ್ದ ಅಪ್ಪನ ಕೈಯನ್ನು ಬ್ರೂನೊ ಹಿಡಿಯುತ್ತಾನೆ. ಸತ್ತುಹೋದ ಅಕ್ಕ ದುರ್ಗಾ ಕದ್ದಿಟ್ಟಿದ್ದ ಸರ ಕೈಗೆ ಸಿಕ್ಕಾಗ ಅಪು ಅದನ್ನು ಕೊಳಕ್ಕೆ ಎಸೆಯುತ್ತಾನೆ. ಪಾಚಿ ಮತ್ತೆ ಮುಚ್ಚಿಕೊಳ್ಳುತ್ತದೆ. ಇಬ್ಬರೂ ತಮ್ಮವರ ಮಾನ ಕಾಯುತ್ತಾರೆ. ಅಪುವಿನ ಪ್ರಸಂಗ ರೇ ಎಲ್ಲಿಂದ ತಂದಿರಲಿ, ಅದನ್ನು ಅಷ್ಟು ಮೌನವಾಗಿ ತೋರಿಸುವ ಭರವಸೆಯಲ್ಲಿ ಬ್ರೂನೊನ ಪಾಲೂ ಇದೆ ಎಂದು ನನ್ನ ನಂಬಿಕೆ.

ರೇ ಅವರ ರುಚಿ ಇಟಲಿಗೇ ನಿಲ್ಲಲಿಲ್ಲ. ಬಿಲ್ಲಿ ವೈಲ್ಡರ್ ಅವರ ‘ಡಬಲ್ ಇಂಡೆಮ್ನಿಟಿ’ ನೋಡಿ 12 ಪುಟಗಳ ಪತ್ರ ಬರೆದಿದ್ದರು, ಉತ್ತರ ಬರಲಿಲ್ಲ. 1992ರಲ್ಲಿ ಆಸ್ಪತ್ರೆಯ ಹಾಸಿಗೆಯಿಂದಲೇ ಆಸ್ಕರ್ ಸ್ವೀಕರಿಸುವಾಗ ಅದನ್ನೂ ನೆನೆದರು. ಅಷ್ಟು ದೊಡ್ಡವರಾದ ಮೇಲೂ ಅಭಿಮಾನಿಯಾಗಿದ್ದುದನ್ನು ಮುಚ್ಚಿಡಲಿಲ್ಲ.

ಮುಂದಿನ ಸಲ ಇಂಥ ಪಟ್ಟಿ ಸಿಕ್ಕರೆ ಅದರಿಂದ ಒಂದು, ಆ ನಿರ್ದೇಶಕರದೇ ಒಂದು ಆರಿಸಿ ಜೊತೆಯಾಗಿ ನೋಡಿ. ಈ ಶನಿವಾರ ಈ ಎರಡರಿಂದಲೇ ಶುರುಮಾಡಬಹುದು.