ಸ್ತ್ರೀಧನದ ಪಟ್ಟಿಯಲ್ಲಿ ಇಲ್ಲದ ಕೂಲಿ

ಕಥೆ, ಕವಿತೆ, ಕಾದಂಬರಿಗಳನ್ನು ಹಿಡಿದು ಜಾಲಾಡುವ ನಮ್ಮ ವಿಮರ್ಶಕರು ಕಾನೂನಿನ ಪುಸ್ತಕವನ್ನು ಮಾತ್ರ ಮುಟ್ಟುವುದಿಲ್ಲ. ಅದು ವಕೀಲರ ಸೊತ್ತು ಅಂತ ಬಿಟ್ಟುಬಿಟ್ಟಿದ್ದಾರೆ. ಒಂದು ಕವನ ಸಂಕಲನ ಐನೂರು ಜನರ ಕೈ ಸೇರಿದರೆ ಅದೇ ಹೆಚ್ಚು. ಕಾನೂನಿನ ಒಂದು ವಾಕ್ಯವಾದರೋ ಕೋಟ್ಯಂತರ ಹೆಂಗಸರ ಹೊಟ್ಟೆ ಬಟ್ಟೆಯನ್ನು ತೀರ್ಮಾನ ಮಾಡುತ್ತದೆ. ಆ ವಾಕ್ಯ ಬರೆಯುವಾಗ ಬರೆದವರ ಕಣ್ಣ ಮುಂದೆ ಯಾವ ಹೆಂಗಸು ಇದ್ದಳು, ಯಾವ ಹೆಂಗಸು ಇರಲಿಲ್ಲ ಎಂದು ಕೇಳುವುದೂ ವಿಮರ್ಶೆಯ ಕೆಲಸವೇ. ಆ ಒಂದು ಪ್ರಶ್ನೆ ಇಟ್ಟುಕೊಂಡು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯನ್ನು, ಅದರಲ್ಲೂ ಅದರ ಮೂರನೇ ಕಲಮಿನೊಳಗಿನ ‘ಆರ್ಥಿಕ ದೌರ್ಜನ್ಯ’ ಎಂಬ ಭಾಗವನ್ನು ಇಲ್ಲಿ ಓದಿದ್ದೇನೆ.

ಮೊದಲು ಸಲ್ಲಬೇಕಾದ್ದನ್ನು ಸಲ್ಲಿಸೋಣ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಈ ಕಾಯ್ದೆ ದೊಡ್ಡದೊಂದು ಮಾತನ್ನು ಹೇಳಿತು. ಹೆಂಡತಿಗೆ ಹೊಡೆಯುವುದಷ್ಟೇ ಹಿಂಸೆಯಲ್ಲ. ಮನೆಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದು, ಅವಳ ಒಡವೆ ವಸ್ತು ಮಾರಿಕೊಳ್ಳುವುದು, ಬಾಡಿಗೆ ಕಟ್ಟದೆ ಬೀದಿಗೆ ತಳ್ಳುವುದು, ಇರುವ ಮನೆಯೊಳಕ್ಕೆ ಬಿಡದಿರುವುದು, ಇವೂ ಹಿಂಸೆಯೇ ಎಂದಿತು. ‘ಹೊಡೆದನಾ? ಗಾಯ ಎಲ್ಲಿದೆ ತೋರ್ಸು’ ಅಂತ ಕೇಳುತ್ತಿದ್ದ ನ್ಯಾಯದ ಕಟ್ಟೆಗೆ, ಗಾಯವಿಲ್ಲದೆಯೂ ಹಸಿವಿನಿಂದ ಒಂದು ಹೆಂಗಸನ್ನು ಮುರಿಯಬಹುದು ಎಂದು ತಿಳಿಹೇಳಿತು. ಈ ಕಾಯ್ದೆ ಸುಮ್ಮನೆ ಬಂದದ್ದಲ್ಲ. ದೇಶದ ಮಹಿಳಾ ಸಂಘಟನೆಗಳು ವರ್ಷಗಟ್ಟಲೆ ಬೀದಿಯಲ್ಲಿ ನಿಂತು ಪಡೆದದ್ದು.

ಆದರೆ ಆ ಪಟ್ಟಿಯನ್ನು ನಿಧಾನಕ್ಕೆ ಓದಿ. ಸ್ತ್ರೀಧನ ಇದೆ. ಜಂಟಿ ಆಸ್ತಿ, ಸ್ವಂತ ಆಸ್ತಿ ಇದೆ. ಚರಾಸ್ತಿ, ಸ್ಥಿರಾಸ್ತಿ, ಬೆಲೆಬಾಳುವ ವಸ್ತುಗಳು, ಷೇರು, ಬಾಂಡು, ಸಾಲಪತ್ರ ಎಲ್ಲ ಇದೆ. ಕೂಲಿ ಎಂಬ ಶಬ್ದ ಇಲ್ಲ. ಕಳೆ ಕಿತ್ತು, ನಾಟಿ ಹಾಕಿ, ಇಟ್ಟಿಗೆ ಹೊತ್ತು, ಬೀಡಿ ಕಟ್ಟಿ, ಪರರ ಮನೆ ಪಾತ್ರೆ ತಿಕ್ಕಿ ಸಂಜೆಗೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬರುವ ದುಡ್ಡಿಗೆ ಈ ಪಟ್ಟಿಯಲ್ಲಿ ಹೆಸರಿಲ್ಲ. ವಕೀಲರು ಹೇಳುತ್ತಾರೆ: ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ, ಕೂಲಿಯನ್ನೂ ಅದರೊಳಗೆ ಓದಿಕೊಳ್ಳಬಹುದು, 2006ರ ನಿಯಮಗಳ ನಮೂನೆಯಲ್ಲಿ ಸಂಬಳ, ಕೂಲಿ ಕಿತ್ತುಕೊಳ್ಳುವುದರ ಮಾತೂ ಬಂದಿದೆ ಎಂದು. ನಿಜ. ಹಾಗಾದರೆ ನನ್ನ ಪ್ರಶ್ನೆ ಇಷ್ಟೇ: ಷೇರಿಗೆ ಕಾಯ್ದೆಯ ಪಡಸಾಲೆಯಲ್ಲಿ ಜಾಗ, ಕೂಲಿಗೆ ಮಾತ್ರ ನಮೂನೆಯ ಹಿತ್ತಲಲ್ಲಿ ಜಾಗ ಏಕೆ?

ಉತ್ತರ ಆ ‘ಸ್ತ್ರೀಧನ’ ಎಂಬ ಶಬ್ದದಲ್ಲೇ ಇದೆ. ಅದು ಧರ್ಮಶಾಸ್ತ್ರದ ಮನೆಯಿಂದ ಬಂದ ಶಬ್ದ. ಹೆಂಡತಿ, ಮಗ, ದಾಸ ಈ ಮೂವರಿಗೂ ಸ್ವಂತ ಧನವಿಲ್ಲ, ಅವರು ಗಳಿಸಿದ್ದೆಲ್ಲ ಅವರ ಒಡೆಯನದು ಎಂಬ ಕಟ್ಟಳೆ ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲಿದೆ. ಹೆಣ್ಣನ್ನೂ ಆಳನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ ಕಟ್ಟಳೆ ಇದು. ಆ ಪುಸ್ತಕವನ್ನು ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟರು. ಸ್ತ್ರೀಧನವನ್ನು ವಿವರವಾಗಿ ಹೇಳಿದ ಕಾತ್ಯಾಯನನೂ ಒಂದು ಗೆರೆ ಎಳೆದ: ತವರಿನವರು, ನಂಟರು ಪ್ರೀತಿಯಿಂದ ಕೊಟ್ಟದ್ದು ಅವಳದು, ಅವಳು ಕೈಕಸುಬಿನಿಂದ ದುಡಿದು ಗಳಿಸಿದ್ದರ ಮೇಲೆ ಅಧಿಕಾರ ಗಂಡನದು. ಅಂದರೆ ಈ ಶಬ್ದ ಹುಟ್ಟಿದಾಗಲೇ ಕೂಲಿಯನ್ನು ಹೊರಗಿಟ್ಟು ಹುಟ್ಟಿತು. ಕೊಟ್ಟದ್ದನ್ನು ಇಟ್ಟುಕೊಳ್ಳುವ ಹೆಣ್ಣು ಅದಕ್ಕೆ ಗೊತ್ತು. ದುಡಿದು ತರುವ ಹೆಣ್ಣು ಗೊತ್ತಿಲ್ಲ.

ಈ ಗೆರೆಯನ್ನು ಅಳಿಸಲು ಹೊರಟವರು ಅಂಬೇಡ್ಕರ್. ಅವರ ಹಿಂದೂ ಕೋಡ್ ಬಿಲ್ಲನ್ನು ಪಾರ್ಲಿಮೆಂಟಿನಲ್ಲಿ ಎಳೆದಾಡಿ ಮೂಲೆಗೆ ಹಾಕಿದಾಗ 1951ರಲ್ಲಿ ಅವರು ಮಂತ್ರಿ ಪದವಿಯನ್ನೇ ಬಿಟ್ಟು ಹೊರಬಂದರು. ಆಮೇಲೆ ಆ ಬಿಲ್ಲು ತುಂಡು ತುಂಡಾಗಿ ಪಾಸಾಯಿತು. ಅದರ ಒಂದು ತುಂಡು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಅದರ 14ನೇ ಕಲಂ ಹೆಣ್ಣಿನ ಆಸ್ತಿ ಅಂದರೆ ಏನು ಎಂದು ಹೇಳುವಾಗ, ಅವಳು ತನ್ನ ಸ್ವಂತ ಕೌಶಲದಿಂದ, ದುಡಿಮೆಯಿಂದ ಗಳಿಸಿದ್ದನ್ನೂ ಹೆಸರಿಸಿ ಸೇರಿಸಿತು. ಕಾತ್ಯಾಯನ ಎಳೆದ ಗೆರೆಯನ್ನು ಆ ನಾಲ್ಕು ಶಬ್ದ ಒರೆಸಿಹಾಕಿದವು. ಅದಾಗಿ ಸುಮಾರು ಐವತ್ತು ವರ್ಷಕ್ಕೆ ಬಂದ ಹೊಸ ಪಟ್ಟಿ ಷೇರು, ಬಾಂಡುಗಳನ್ನು ನೆನೆಸಿಕೊಂಡಿತು, ದುಡಿಮೆಯನ್ನು ಹೆಸರಿಸಲಿಲ್ಲ.

ನಮ್ಮ ಕೇರಿಗಳಲ್ಲಿ ಹೆಣ್ಣಿನ ಹಣ ಅಂದರೆ ಏನು? ಕೂಲಿ, ಮತ್ತು ಸಾಲ. ನಮ್ಮವ್ವನ ಕಾಲದಲ್ಲಿ ಹೆಣ್ಣಾಳಿನ ಕೂಲಿಯನ್ನು ಧಣಿ ಅವಳ ಕೈಗೆ ಕೊಡುತ್ತಿರಲಿಲ್ಲ, ಗಂಡನನ್ನು ಕರೆದು ಎಣಿಸುತ್ತಿದ್ದ. ‘ನಂಗೇ ಕೊಡಿ ಸಾಮಿ’ ಅಂದರೆ ‘ನಿನ್ ಗಂಡ ಬದುಕವ್ನಲ್ಲ’ ಅನ್ನುವ ಉತ್ತರ. ಆ ದುಡ್ಡು ಸಾರಾಯಿ ಅಂಗಡಿ ದಾಟಿ ಮನೆ ಸೇರಿದರೆ ಅಂದು ಒಲೆ ಉರಿಯಿತು ಅಂತ ಲೆಕ್ಕ. ಈಗ ಕೂಲಿ ಅವಳ ಕೈಗೇ ಬರುತ್ತದೆ. ಕಿತ್ತುಕೊಳ್ಳುವ ಕೈ ಮಾತ್ರ ಬದಲಾಗಿಲ್ಲ.

ಸಾಲದ ಕಥೆ ಇನ್ನೂ ಘೋರ. ಸಂಘದ ಸಾಲ, ಮೈಕ್ರೋ ಫೈನಾನ್ಸ್ ಸಾಲ ಸಿಗುವುದು ಹೆಂಗಸಿನ ಹೆಸರಿಗೆ. ಫೋಟೋ ಅವಳದು, ಆಧಾರ್ ಅವಳದು, ಹೆಬ್ಬೆಟ್ಟು ಅವಳದು. ಗಂಡ ಬೈಕಿಗೋ ಇಸ್ಪೀಟಿಗೋ ದುಡ್ಡು ತೆಗೆದುಕೊಂಡು ಹೋದಮೇಲೆ ವಾರವಾರ ಕಂತು ಕಟ್ಟುವ ರೆಟ್ಟೆಯೂ ಅವಳದು. ಒಬ್ಬಳು ಕಟ್ಟದಿದ್ದರೆ ಗುಂಪಿನ ಉಳಿದ ಹೆಂಗಸರೇ ಬಂದು ಬಾಗಿಲಲ್ಲಿ ನಿಲ್ಲಬೇಕು. ಹೀಗೆ ಹೆಣ್ಣಿನ ಹೆಸರಿಗೆ ಸಾಲ ಹೊರಿಸುವುದನ್ನು ಮೂರನೇ ಕಲಂ ಎಲ್ಲೂ ಹೆಸರಿಸಿಲ್ಲ. ಇದ್ದದ್ದನ್ನು ಕಿತ್ತುಕೊಳ್ಳುವುದು ಅದಕ್ಕೆ ಕಾಣುತ್ತದೆ, ಇಲ್ಲದ್ದನ್ನು ತಲೆಗೆ ಕಟ್ಟುವುದು ಕಾಣುವುದಿಲ್ಲ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದಿತು. ಬೇಕಾದದ್ದೇ. ಆದರೆ ಅದು ಬಾಗಿಲ ಹೊರಗೆ ನಿಂತು ಗದರುವ ಏಜೆಂಟನನ್ನು ನೋಡಿತು. ಬಾಗಿಲ ಒಳಗೆ ಕೂತು ಅವಳಿಂದ ಹೆಬ್ಬೆಟ್ಟು ಒತ್ತಿಸಿದವನನ್ನು ನೋಡಲಿಲ್ಲ. ಧಣಿಯ ಸಾಲಕ್ಕೆ ಮೈ ಅಡವಿಟ್ಟು ದುಡಿಯುವುದನ್ನು ಜೀತ ಎಂದು ಕರೆದು, 1976ರ ಕಾನೂನು ಆ ಸಾಲವನ್ನೇ ರದ್ದು ಮಾಡಿತು. ಗಂಡ ತಿಂದ ಸಾಲಕ್ಕೆ ಹೆಂಡತಿ ವರ್ಷಗಟ್ಟಲೆ ದುಡಿದು ತೀರಿಸುವುದಕ್ಕೆ ಏನೆಂದು ಹೆಸರಿಡುತ್ತೀರಿ?

ಪರಿಹಾರದ ಭಾಗಕ್ಕೆ ಬಂದರೂ ಇದೇ ಕಣ್ಣು. 20ನೇ ಕಲಂ ಹೇಳುತ್ತದೆ: ಹೆಂಗಸಿಗೆ ಕೊಡಿಸುವ ಹಣ ಅವಳಿಗೆ ರೂಢಿಯಾದ ಜೀವನಮಟ್ಟಕ್ಕೆ ತಕ್ಕಂತಿರಬೇಕು. ಕಾರಿನಲ್ಲಿ ಓಡಾಡಿ ರೂಢಿಯಾದವಳಿಗೆ ಇದು ರಕ್ಷಣೆ. ಒಪ್ಪತ್ತು ಉಂಡು ರೂಢಿಯಾದವಳಿಗೆ? ಅವಳ ಹಸಿವನ್ನೇ ಅಳತೆಗೋಲು ಮಾಡಿಕೊಂಡು ಅವಳ ಜೀವನಾಂಶ ಅಳೆಯುವುದೇ? ಅದೇ ಕಲಂ ಇನ್ನೊಂದು ಉಪಾಯವನ್ನೂ ಹೇಳುತ್ತದೆ. ಗಂಡ ದುಡ್ಡು ಕೊಡದಿದ್ದರೆ ಅವನಿಗೆ ಸಂಬಳ ಕೊಡುವವರಿಂದ, ಇಲ್ಲವೇ ಅವನಿಗೆ ಬಾಕಿ ಕೊಡಬೇಕಾದವರಿಂದ ನೇರವಾಗಿ ಅವಳಿಗೆ ಕೊಡಿಸಬಹುದು. ಗಂಡ ಗುಮಾಸ್ತನಾಗಿದ್ದರೆ ಬಹಳ ಒಳ್ಳೆಯ ಉಪಾಯ. ಇಂದು ಒಬ್ಬರ ಗದ್ದೆ, ನಾಳೆ ಬೆಂಗಳೂರಿನ ಗಾರೆ ಕೆಲಸ, ನಾಡಿದ್ದು ಕೊಡಗಿನ ತೋಟ ಅಂತ ಅಲೆಯುವವನ ಹೆಂಡತಿಗೆ ಮ್ಯಾಜಿಸ್ಟ್ರೇಟರು ಯಾವ ಮಾಲೀಕನ ಹೆಸರಿಗೆ ಆದೇಶ ಬರೆದುಕೊಡುತ್ತಾರೆ?

ಕಾಯ್ದೆಯ ಪ್ರಕಾರ ಅರ್ಜಿ ಮುಟ್ಟಿದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ಆಗಬೇಕು, ಅಲ್ಲಿಂದ ಅರವತ್ತು ದಿನದೊಳಗೆ ತೀರ್ಮಾನ ಮಾಡಲು ಯತ್ನಿಸಬೇಕು. ಕೋರ್ಟಿನ ಮೆಟ್ಟಿಲು ಹತ್ತಿದ ಹೆಂಗಸರನ್ನು ಕೇಳಿ, ಈ ಮಾತು ಹೇಳಿದರೆ ನಗುತ್ತಾರೆ. ಅವರ ಕೈ ಹಿಡಿದು ನಡೆಸಬೇಕಾದವರು ಸಂರಕ್ಷಣಾಧಿಕಾರಿಗಳು. ಕರ್ನಾಟಕದಲ್ಲಿ ಈ ಕೆಲಸವನ್ನು ತಾಲೂಕಿನ ಸಿಡಿಪಿಓಗಳ ತಲೆಗೇ ಕಟ್ಟಿದ್ದಾರೆ. ತಾಲೂಕಿನ ಅಂಗನವಾಡಿಗಳನ್ನೆಲ್ಲ ನೋಡಿಕೊಳ್ಳುವ ಅಧಿಕಾರಿ ಯಾವ ಹೊತ್ತಿನಲ್ಲಿ ಒಬ್ಬಳ ಜೊತೆ ಕೂತು ಅವಳ ಕೂಲಿಯ ಲೆಕ್ಕ ಬರೆದುಕೊಂಡಾರು? 2025ರ ಮೇ 20ರಂದು ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ, ಜಿಲ್ಲೆ ತಾಲೂಕು ಮಟ್ಟದಲ್ಲಿ ಈ ಅಧಿಕಾರಿಗಳನ್ನು ಗುರುತಿಸಿ ನೇಮಿಸಿ ಎಂದು ಆದೇಶಿಸಬೇಕಾಯಿತು. ಕಾಯ್ದೆ ಜಾರಿಯಾಗಿ ಹದಿನೆಂಟು ವರ್ಷ ಕಳೆದ ಮೇಲೆ! ಇನ್ನು ಎಣಿಕೆಯ ಮಾತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಕಂಡವರು. ಇದು ಮೈಮೇಲಿನ ಹಿಂಸೆಯ ಲೆಕ್ಕ. ಹಣದ ಹಿಂಸೆ ಈ ಅಂಕಿಯೊಳಗಿಲ್ಲ.

ಹಾಗಾದರೆ ಸರ್ಕಾರ ಏನೂ ಮಾಡಿಲ್ಲವೇ? ಮಾಡಿದೆ. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಬಸ್ ಚಾರ್ಜಿಗೂ ಗಂಡನ ಜೇಬು ನೋಡುತ್ತಿದ್ದವಳು ತವರಿಗೆ, ಆಸ್ಪತ್ರೆಗೆ, ಕೋರ್ಟಿಗೆ ತಾನೇ ಹೋಗಿಬರುತ್ತಿದ್ದಾಳೆ. ಅದೇ ವರ್ಷ ಶುರುವಾದ ಗೃಹಲಕ್ಷ್ಮಿ ತಿಂಗಳಿಗೆ ಎರಡು ಸಾವಿರವನ್ನು ಅವಳ ಖಾತೆಗೇ ಹಾಕುವ ಯೋಜನೆ. ಇದನ್ನು ‘ಬಿಟ್ಟಿ ಭಾಗ್ಯ’ ಅಂತ ಮೂಗು ಮುರಿಯುವ ಮಹನೀಯರು, ಹೆಂಡತಿಯ ದುಡಿಮೆಯನ್ನು ಬಿಟ್ಟಿಯಾಗಿ ತಿನ್ನುತ್ತಿರುವುದು ಯಾರು ಎಂದು ಮೊದಲು ಲೆಕ್ಕ ಹಾಕಲಿ. ಆದರೂ ಒಂದು ತೊಡಕಿದೆ. ಈ ಹಣ ರೇಷನ್ ಕಾರ್ಡಿನಲ್ಲಿ ‘ಯಜಮಾನಿ’ ಎಂದಿರುವವಳಿಗೆ. ಅತ್ತೆ ಯಜಮಾನಿಯಾದರೆ ಸೊಸೆಗೆ ಇಲ್ಲ. ಏಟು ತಿಂದು ಮನೆ ಬಿಟ್ಟು ಬಂದವಳ ಹೆಸರು ಗಂಡನ ಮನೆಯ ಕಾರ್ಡಿನಲ್ಲೇ ಸಿಕ್ಕಿಕೊಂಡಿರುತ್ತದೆ. ಮನೆಯೊಳಗೆ ಇರುವವಳು ಲಕ್ಷ್ಮಿ. ಹೊಸ್ತಿಲು ದಾಟಿದವಳು ಯಾರೂ ಅಲ್ಲ. ದುಡ್ಡು ಅತಿ ಹೆಚ್ಚು ಬೇಕಾಗುವುದು ಹೊಸ್ತಿಲು ದಾಟಿದ ದಿನವೇ.

ಸರ್ಕಾರವನ್ನು ಬೈದು ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ಕೂಲಿಯ ಪ್ರಶ್ನೆಯನ್ನು ನಾವು ಧಣಿಯ ಗದ್ದೆಯಲ್ಲಿ ಎತ್ತಿದಷ್ಟು ಜೋರಾಗಿ ನಮ್ಮ ಮನೆಯ ಪಡಸಾಲೆಯಲ್ಲಿ ಎತ್ತಿಲ್ಲ. ವೇದಿಕೆಯ ಮೇಲೆ ಶೋಷಣೆಯ ವಿರುದ್ಧ ಗುಡುಗಿ, ಮನೆಗೆ ಹೋಗಿ ಹೆಂಡತಿಯ ಸೆರಗಿನ ಗಂಟು ಬಿಚ್ಚುವವನು ಸಂಗಾತಿಯಲ್ಲ, ಸಣ್ಣ ಧಣಿ. ಬಡತನದಿಂದ ಹಾಗೆ ಮಾಡುತ್ತಾನೆ ಅನ್ನುವ ಸಮಜಾಯಿಷಿ ಬೇಡ. ಬಡತನ ಅವಳಿಗೂ ಇದೆ.

ಹಾಗಾಗಿ ಕೇಳಬೇಕಾದ್ದು ಸ್ಪಷ್ಟ. ಮೂರನೇ ಕಲಮಿನ ಪಟ್ಟಿಗೆ ‘ಕೂಲಿ’ ಮತ್ತು ‘ಅವಳ ಹೆಸರಿಗೆ ಹೊರಿಸಿದ ಸಾಲ’ ಸೇರಬೇಕು. ದಿಲ್ಲಿ ಮಾಡುವವರೆಗೆ ಕಾಯಬೇಕಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿ 1994ರಲ್ಲೇ ಕರ್ನಾಟಕದಲ್ಲಿ ಜಾರಿಗೆ ಬಂದಿತ್ತು, ದಿಲ್ಲಿ ತಂದದ್ದು 2005ರಲ್ಲಿ. ತಾಲೂಕಿಗೊಬ್ಬರು ಈ ಕೆಲಸಕ್ಕೇ ಮೀಸಲಾದ ಅಧಿಕಾರಿ ಬೇಕು. ಕೋರ್ಟು ಹೇಳಿದ ಜೀವನಾಂಶವನ್ನು ಸರ್ಕಾರವೇ ಮೊದಲು ಕೊಟ್ಟು, ಆಮೇಲೆ ಗಂಡನಿಂದ ವಸೂಲು ಮಾಡಿಕೊಳ್ಳಬೇಕು. ಅಲೆಯುವ ಕೂಲಿಗಾರನನ್ನು ಹುಡುಕುವ ಬಲ ಸರ್ಕಾರಕ್ಕಿದೆ, ಮಗು ಕಂಕುಳಲ್ಲಿಟ್ಟುಕೊಂಡವಳಿಗೆ ಇಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ಗೆಳೆಯ ಗೆಳತಿಯರಿಗೆ ಒಂದು ಮಾತು. ಇದೇ ಕಾಯ್ದೆಯ ನಾಲ್ಕನೇ ಕಲಮಿನ ಪ್ರಕಾರ ನೊಂದವಳೇ ಬರಬೇಕೆಂದಿಲ್ಲ. ವಿಷಯ ತಿಳಿದ ಯಾರಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ನಡೆಯುವುದಿಲ್ಲ. ವಕೀಲರನ್ನು ಹಿಡಿಯಲು ದುಡ್ಡಿಲ್ಲ ಅನ್ನುವ ಹೆಂಗಸಿಗೆ, 1987ರ ಕಾನೂನಿನಂತೆ ಉಚಿತ ಕಾನೂನು ನೆರವು ಅವಳ ಹಕ್ಕು ಎಂದು ಹೇಳಿ. ನಮೂನೆಯ ಆ ಪಟ್ಟಿಯನ್ನು ಕೇರಿಯಲ್ಲಿ ಒಂದು ಸಂಜೆ ಗಟ್ಟಿಯಾಗಿ ಓದಿ. ತಾವು ಇಷ್ಟು ದಿನ ಹಣೆಬರಹ ಅಂದುಕೊಂಡದ್ದಕ್ಕೆ ಕಾನೂನಿನಲ್ಲಿ ಹಿಂಸೆ ಎಂಬ ಹೆಸರಿದೆ ಎಂದು ಹೆಂಗಸರಿಗೆ ಗೊತ್ತಾಗಲಿ. ಪಟ್ಟಿಯಲ್ಲಿ ಏನೇನು ಬಿಟ್ಟುಹೋಗಿದೆ ಎಂಬುದನ್ನು ಆಮೇಲೆ ಅವರೇ ಹೇಳುತ್ತಾರೆ.