ಕೇಳಿದರೆ ಹೇಳುವ ಎಡಿಟರ್

ಇಮ್ಯಾಕ್ಸ್ ಬಳಸುವವರನ್ನು ಕಂಡರೆ ಉಳಿದ ಪ್ರೋಗ್ರಾಮರ್‌ಗಳು ನಗುವುದುಂಟು. 1976ರಲ್ಲಿ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಹುಟ್ಟಿ, 1980ರ ದಶಕದಲ್ಲಿ ರಿಚರ್ಡ್ ಸ್ಟಾಲ್‌ಮನ್ ಕೈಯಲ್ಲಿ ಹೊಸ ರೂಪ ಪಡೆದ ಎಡಿಟರ್‌ಗೆ ಇವರು ಈಗಲೂ ಜೋತುಬಿದ್ದಿರುವುದೇಕೆ? ಕೈ ಬೇಗ ಓಡುತ್ತದೆ ಎಂಬುದು ರೂಢಿಯ ಉತ್ತರ. ನನಗದು ಒಪ್ಪಿಗೆಯಿಲ್ಲ. ಕೋಡ್ ಬರೆಯುವವರ ಹೊತ್ತೆಲ್ಲ ಹೋಗುವುದು ಓದುವುದರಲ್ಲಿ, ಹುಡುಕುವುದರಲ್ಲಿ. ಟೈಪಿಂಗಿಗೆ ಹಿಡಿಯುವುದು ಎಷ್ಟು ಮಹಾ!

ಇಮ್ಯಾಕ್ಸ್‌ನ ರುಚಿ ಬೇರೆ ಕಡೆ ಇದೆ. ಇಲ್ಲಿ ಬಹುಮಟ್ಟಿಗೆ ಎಲ್ಲವೂ ಪಠ್ಯವೇ. ಫೋಲ್ಡರ್ ತೆರೆದರೆ ಫೈಲುಗಳ ಪಟ್ಟಿ ಬರುತ್ತದೆ. ಕಂಟ್ರೋಲ್-ಎಕ್ಸ್, ಕಂಟ್ರೋಲ್-ಕ್ಯೂ ಒತ್ತಿದರೆ ಆ ಪಟ್ಟಿಯನ್ನೇ ತಿದ್ದಬಹುದು. 40 ಫೈಲುಗಳ ಹೆಸರು ಬದಲಿಸಬೇಕೆ? ಎಫ್3 ಒತ್ತಿ ಮೊದಲ ಹೆಸರು ತಿದ್ದಿ, ಮುಂದಿನ ಸಾಲಿಗಿಳಿದು ಎಫ್4 ಒತ್ತಿ, ಮ್ಯಾಕ್ರೊ ಸಿದ್ಧ. ಆಮೇಲೆ ಎಫ್4 ಒತ್ತಿದಂತೆಲ್ಲ ಒಂದೊಂದು ಸಾಲಿಗೂ ಅದೇ ತಿದ್ದುಪಡಿ. ಕಂಟ್ರೋಲ್-ಸಿ ಎರಡು ಸಲ ಒತ್ತುವವರೆಗೆ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಮ್ಯಾಜಿಟ್ ಎಂಬ ಪ್ಯಾಕೇಜಿನಲ್ಲಿ ಗಿಟ್ ಕೆಲಸವೂ ಹೀಗೇ: ಬದಲಾದ ಭಾಗದ ಮೇಲೆ ಕರ್ಸರ್ ಇಟ್ಟು ಎಸ್ ಒತ್ತಿದರೆ ಅಷ್ಟು ಮಾತ್ರ ಸ್ಟೇಜ್ ಆಗುತ್ತದೆ.

ಅದಕ್ಕೂ ಮಿಗಿಲಾದದ್ದು, ಎಡಿಟರನ್ನೇ ಪ್ರಶ್ನಿಸುವ ಅವಕಾಶ. ಕಂಟ್ರೋಲ್-ಎಚ್, ಕೆ ಒತ್ತಿ, ಬೇಕಾದ ಕೀ ಒತ್ತಿ ನೋಡಿ. ಅದು ಕರೆಯುವ ಫಂಕ್ಷನ್ ಯಾವುದು, ಏನು ಮಾಡುತ್ತದೆ, ಯಾವ ಫೈಲಿನಲ್ಲಿದೆ ಎಂಬುದೆಲ್ಲ ಎದುರಿಗೆ ಬರುತ್ತದೆ. ಆ ಫಂಕ್ಷನ್‌ನ ಲಿಸ್ಪ್ ಕೋಡನ್ನು ತಿದ್ದಿ ಅಲ್ಲೇ ಓಡಿಸಿದರೆ ಸಾಕು, ಎಡಿಟರ್ ಮುಚ್ಚಿ ತೆರೆಯಬೇಕಿಲ್ಲ. ವಿಎಸ್ ಕೋಡ್‌ನ ಎಕ್ಸ್‌ಟೆನ್ಶನ್‌ಗಳು ಪ್ರತ್ಯೇಕ ಪ್ರೊಸೆಸ್‌ನಲ್ಲಿ, ಎಪಿಐ ಬಿಟ್ಟುಕೊಟ್ಟಷ್ಟು ಜಾಗದಲ್ಲಿ ಓಡುತ್ತವೆ. ಇಲ್ಲಿ ಆ ಗೋಡೆಯಿಲ್ಲ. ಗೋಡೆಯಿಲ್ಲದ ಮನೆಯ ಫಜೀತಿಯೂ ಇದ್ದದ್ದೇ: ಒಂದು ಪ್ಯಾಕೇಜು ಭಾರಿ ಕೆಲಸಕ್ಕೆ ಕೂತರೆ ಇಡೀ ಎಡಿಟರ್ ಅಲುಗಾಡದೆ ನಿಂತುಬಿಡುತ್ತದೆ.

ಕನ್ನಡಕ್ಕೂ ಇಲ್ಲಿ ಜಾಗವಿದೆ. ಐಟ್ರಾನ್ಸ್ ಮತ್ತು ಇನ್‌ಸ್ಕ್ರಿಪ್ಟ್ ಟೈಪಿಂಗ್ ವಿಧಾನಗಳು ಒಳಗೇ ಇವೆ. 2020ರ 27ನೇ ಆವೃತ್ತಿಯಲ್ಲಿ ಹಾರ್ಫ್‌ಬಝ್ ಎಂಬ ಲೈಬ್ರರಿ ಸೇರಿತು, ಒತ್ತಕ್ಷರಗಳನ್ನು ಜೋಡಿಸುವ ಹೊಣೆ ಅದಕ್ಕೆ ಬಂತು.

ಹೊಸಬರಿಗೆ ನನ್ನ ಸಲಹೆ ಒಂದೇ: ಯಾರದೋ ಸಾವಿರ ಸಾಲಿನ ಕಾನ್ಫಿಗ್ ತಂದು ಸುರಿದುಕೊಳ್ಳಬೇಡಿ. ಯಾವುದಾದರೂ ಕೆಲಸ ಪದೇ ಪದೇ ತಲೆ ತಿಂದಾಗ ಅದಕ್ಕೆಂದೇ ನಾಲ್ಕು ಸಾಲು ಬರೆಯಿರಿ. ನಾಳೆ ಅದು ಕೆಟ್ಟರೆ ಎಲ್ಲಿ ಕೈ ಹಾಕಬೇಕೆಂಬುದಾದರೂ ನಿಮಗೆ ಗೊತ್ತಿರುತ್ತದೆ.